ಬಲಮಗ್ಗುಲ ಮಣ್ಣು

ಎಡಕ್ಕೆ ಅಗೆದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಬಂಡೆ ಹತ್ತುತ್ತದೆ. ರಟ್ಟೆ ಬೀಳುತ್ತದೆ, ಅಂಗೈ ಕಿತ್ತು ಬರುತ್ತದೆ. ಹೊತ್ತು ಮುಳುಗುವುದರೊಳಗೆ ಹೇಗೋ ಒಂದು ಕುಣಿ ಆದೀತು. ಬಲಕ್ಕೆ ನೀರು ಬಂತ್ರಿ ಧಣಿ, ಅದಕ್ಕ ಎಡಕ್ಕ ತೋಡೀನಿ ಎಂದು ಒಂದು ಸುಳ್ಳು ಹೇಳಿದರೆ ಮುಗಿಯಿತು. ಹೊಟ್ಟೆಗಾಗಿ ಹೇಳಿದ ಸುಳ್ಳುಗಳೊಳಗೆ ಇದೂ ಒಂದು. ಆದರೆ ಯಾಕೆ ಅಗೆಯಬೇಕು? ಅಗೆಯದಿದ್ದರೆ ಏನು ಮಾಡಿಯಾರು? ಮನೆ ಕೆಡವಿಯಾರೇ? ಕೆಡವಲಿಕ್ಕೆ ಮನೆ ಎಲ್ಲಿದೆ?

ಈಶಪ್ಪ ಹಾರೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದ. ಪಾಟೀಲರ ಹಿರಿಯರನ್ನು ಹೂಳುವ ಜಾಗ ಅದು. ಸುತ್ತ ಮೊಣಕಾಲೆತ್ತರದ ಕಲ್ಲಿನ ಪೌಳಿ, ನಡುವೆ ಒಂದು ಬೇವಿನ ಮರ, ಮರದ ಬುಡಕ್ಕೆ ಸುಣ್ಣ ಬಳಿದ ಒಂದು ಸಮಾಧಿ. ಅದರೊಳಗೆ ದೊಡ್ಡ ಪಾಟೀಲ ಇದ್ದ. ಇವತ್ತು ಅವನ ಮಗ ಭಗವಂತರಾಯ ಪಾಟೀಲ ಬರುವವನಿದ್ದ. ಬೆಳಗಿನ ಜಾವ ಎದೆ ಹಿಡಕೊಂಡು ಎದ್ದು ಕೂತವನು ಕೂತಲ್ಲೇ ಹೋಗಿದ್ದ.

ಅವರ ಮಂದಿ ಹೆಣ ಸುಡುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಕೂಡಿಸಿ ಹೂಳುತ್ತಾರೆ. ಕುಣಿ ತೋಡುವುದು ಈಶಪ್ಪನ ಮನೆತನದ ಪಾಳಿ. ದೊಡ್ಡ ಪಾಟೀಲನಿಗೆ ಈಶಪ್ಪನ ಅಪ್ಪ ತೋಡಿದ್ದ. ಸತ್ತವನ ಪಾದದ ಉದ್ದಕ್ಕೆ ಒಂದು ಕೋಲು ಕಡಿದು ಮನೆಯವರು ಕಳಿಸುತ್ತಾರೆ. ಆ ಕೋಲಿನಿಂದಲೇ ಕುಣಿಯ ಅಳತೆ. ಕೋಲು ಕೈಗೆ ಬಂತೆಂದರೆ ಕುಣಿ ಆದಂತೆಯೇ. ಹೆಣಕ್ಕಿಂತ ಮೊದಲು ಮನೆಯವರ ಕಣ್ಣು ಕುಣಿಗೆ ಬೀಳಬಾರದು ಎಂಬುದು ಪಾಟೀಲರ ಮನೆಯ ರೂಢಿ. ಹಾಗಾಗಿ ಯಾರೂ ಮುಂಚೆ ಬಂದು ನೋಡುವುದಿಲ್ಲ. ತೋಡಿದೆಯಾ ಎಂದು ಕೇಳುವುದೂ ಇಲ್ಲ. ಇಷ್ಟು ತಲೆಮಾರಿನಲ್ಲಿ ಹಾಗೆ ಕೇಳುವ ಪ್ರಸಂಗ ಒಮ್ಮೆಯೂ ಬಂದಿರಲಿಲ್ಲ.

ಕೋಲು ತಂದವನು ಪಾಟೀಲರ ಮನೆಯ ಆಳು ಮಲ್ಲಣ್ಣ. ಈಶಪ್ಪನೂ ಕೇರಿಯ ಉಳಿದವರೂ ವನದುರ್ಗದ ಕೋಟೆಯ ಬಿದ್ದ ಗೋಡೆಗೆ ಬಿದಿರ ತಟ್ಟಿ ಆನಿಸಿಕೊಂಡು ಒಂದು ವರ್ಷದಿಂದ ಇದ್ದರು. ಮಲ್ಲಣ್ಣ ಅಲ್ಲಿಗೆ ಬಂದು ಕೋಲನ್ನು ನೆಲದ ಮೇಲೆ ಇಟ್ಟು ಹಿಂದೆ ಸರಿದು ನಿಂತ.

"ಈಶ್ಯಾ, ಪಾಟೀಲರು ಹೋಗ್ಯಾರ. ಬಲಮಗ್ಗುಲಕ್ಕ ತೋಡಬೇಕಂತ. ಅವರಪ್ಪನ ಬಲಕ್ಕ."

"ಯಾರು ಹೇಳ್ಯಾರ?"

"ಯಾರು ಹೇಳಬೇಕೋ? ಪಾಟೀಲರು ತಾವಾ ಆರಿಸಿಟ್ಟ ಜಾಗ ಅದು. ನಿಮ್ಮಪ್ಪನಾ ತೋರಿಸಿದ್ದನಂತಲ್ಲ, ಎಲ್ಲಾ ಕಡಿ ಬಂಡಿ ಅದ ಧಣಿ, ಇದೊಂದು ಕಡಿ ಮಣ್ಣು ಮೆತ್ತಗದ ಅಂತ."

ಒಲೆ ಊದುತ್ತಿದ್ದ ಈಶಪ್ಪನ ಹೆಂಡತಿ ಮೋನಮ್ಮ ತಲೆ ಎತ್ತಿದಳು. ಗಂಡನ ಮುಖ ನೋಡಿದಳು. ಆಮೇಲೆ ಮಲ್ಲಣ್ಣನ ಕಡೆ ತಿರುಗಿದಳು.

"ಹೆಣಕ್ಕ ಮೆತ್ತನ್ನ ಮಣ್ಣು ಬೇಕೇನಪಾ? ಇಲ್ಲಿ ಜೀವ ಇದ್ದವರಿಗೆ ಕಲ್ಲಿನ ಮ್ಯಾಲ ಮಲಗಾಕೂ ಜಾಗಿಲ್ಲ."

"ನನ್ನ ಮ್ಯಾಲ ಯಾಕ ಒದರತಿ ತಂಗಿ? ನಾ ಕೋಲು ತಂದಾಂವ." ಮಲ್ಲಣ್ಣ ದನಿ ತಗ್ಗಿಸಿದ. "ಸಣ್ಣ ಧಣಿ ಒಂದು ಮಾತು ಹೇಳ್ಯಾರ. ಕೆಲಸ ಚಂದಾಗಿ ಆತಂದ್ರ ನಿಮ್ಮ ಜಾಗದ ಮಾತು ಆಮ್ಯಾಲ ನೋಡಮು ಅಂದಾರ."

"ಅವರಪ್ಪನೂ ನೋಡಮು ಅಂದಿದ್ದ. ಮನಿ ಬೀಳೂದು ಚಂದಾಗಿ ನಿಂತು ನೋಡಿದ."

ಈಶಪ್ಪ ಎದ್ದ. ಕೋಲು ಎತ್ತಿಕೊಂಡ. ಹಾರೆ ಹೆಗಲಿಗೆ ಹಾಕಿದ. ಹೊರಟ.

ಹೋದ ಮಳೆಗಾಲದತನಕ ಅವರಿಗೂ ಮನೆಗಳಿದ್ದವು. ಗೋಡೆ ಅವರೇ ತುಳಿದ ಮಣ್ಣಿನದು. ಜಂತಿ ಅವರೇ ಅಡವಿಯಿಂದ ಹೊತ್ತು ತಂದದ್ದು. ನೆಲ ಮಾತ್ರ ತನ್ನದು ಎಂದು ಪಾಟೀಲ ಹೇಳುತ್ತಿದ್ದ. ಅವನು ಹೇಳಿದ್ದನ್ನೇ ಶಹಾಪುರದ ಕಚೇರಿಯೂ ಹೇಳುತ್ತಿತ್ತು. ಆಮೇಲೆ ನಿಜಾಮನ ರಾಜ್ಯ ಹೋಯಿತು. ಪಾಟೀಲ ರೂಮಿ ಟೋಪಿ ತೆಗೆದು ಬಿಳಿ ಟೋಪಿ ಹಾಕಿದ. ಅದೇ ಕುದುರೆ ಹತ್ತಿ ಅದೇ ಕಚೇರಿಗೆ ಹೋಗಿ ಬಂದ. ಕೂತವನಿಗೇ ನೆಲ ಎಂಬ ಕಾಯ್ದೆ ಹೈದರಾಬಾದಿನಿಂದ ಬರುತ್ತಿದೆ ಎಂದು ಯಾರೋ ಅವನ ಕಿವಿಗೆ ಹಾಕಿದರು. ಕಾಯ್ದೆ ಬರುವ ಮೊದಲೇ ಕೂತವರನ್ನು ಎಬ್ಬಿಸಬೇಕಾಗಿತ್ತು.

ಎಬ್ಬಿಸಿದ. ಜಂತಿಗಳಿಗೆ ಹಗ್ಗ ಬಿಗಿದು ಎತ್ತು ಕಟ್ಟಿ ಎಳೆಸಿದ. ಮಾಳಿಗೆಗಳು ಒಂದರ ಹಿಂದೊಂದು ಕುಸಿದವು. ಕಟ್ಟಿಗೆ ಪಾಟೀಲನ ಕೊಟ್ಟಿಗೆಗೆ ಹೋಯಿತು. ಮಣ್ಣಿನ ಮೇಲೆ ನೇಗಿಲು ಹೊಡೆಸಿ ಸಜ್ಜೆ ಬಿತ್ತಿಸಿದ. ಕೇರಿಯ ಹಿಂದೆ ಕೇರಿಯವರ ಗೋರಿಗಳಿದ್ದವು. ನೇಗಿಲು ಅವುಗಳ ಮೇಲೂ ಹಾಯಿತು.

ಎಲ್ಲಕ್ಕಿಂತ ಕಡೆಗೆ ಬಿದ್ದದ್ದು ಈಶಪ್ಪನ ತಾಯಿ ಸಾಯಬಮ್ಮನ ಮನೆ. ಮನೆ ಎಂದರೆ ಒಂದೇ ಅಂಕಣ, ಬಗ್ಗಿ ಹೊಗಬೇಕಾದ ಬಾಗಿಲು. ರಜಾಕಾರರ ಗದ್ದಲದಲ್ಲಿ ಭಗವಂತರಾಯ ಸೊಲ್ಲಾಪುರದ ಕಡೆ ಓಡಿಹೋದಾಗ ಹೆಂಡತಿ ಅಮೃತಮ್ಮ ಹಿಂದೆ ಉಳಿದಿದ್ದಳು. ಸಾಯಬಮ್ಮ ಅವಳಿಗೆ ತನ್ನ ಹರಕು ಸೀರೆ ಉಡಿಸಿ, ಮುಖಕ್ಕೆ ಮಸಿ ಬಳಿದು, ಆ ಬಾಗಿಲೊಳಗೆ ಬಗ್ಗಿಸಿ ಕರೆದುಕೊಂಡಿದ್ದಳು. ಅಮೃತಮ್ಮ ಅಲ್ಲಿ ಸಾಯಬಮ್ಮನ ಕೈಯ ರೊಟ್ಟಿ ತಿಂದಳು. ಸಾಯಬಮ್ಮನ ಮಗ್ಗುಲಿಗೆ ಮಲಗಿದಳು. ಗದ್ದಲ ಅಡಗಿದ ಮೇಲೆ ಪಾಟೀಲ ಬಂದ. ನಿಮ್ಮ ಉಪಕಾರ ಮರಿಯಂಗಿಲ್ಲ, ಕೇರಿ ನೆಲ ಕೇರಿಗೇ ಬಿಟ್ಟೀನಿ ಎಂದ. ಹೆಂಡತಿಯನ್ನು ತಲೆಯ ಮೇಲೆ ನೀರು ಹೊಯ್ಯಿಸಿ ಶುದ್ಧ ಮಾಡಿ ಒಳಗೆ ಕರೆದುಕೊಂಡ. ಆಮೇಲೆ ಊರಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ಸಾಯಬಮ್ಮ ಕೂಡ ಎತ್ತಲಿಲ್ಲ.

ಎತ್ತುಗಳು ಅವಳ ಬಾಗಿಲಿಗೆ ಬಂದ ದಿನ ಮುದುಕಿ ಹೊರಗೆ ಬಂದು, ಮತ್ತೆ ಒಳಗೆ ಹೋಗಲಿಕ್ಕೆ ತಿರುಗಿದಳು.

"ಬೀಸುಕಲ್ಲು ಒಳಗದ ಎಪ್ಪಾ. ತರ್ತೀನಿ, ಒಂದೀಟು ತಡಿ."

"ಹೊರಗ ಬಂದೀ ಅಂದ್ರ ಬಂದಿ," ಎಂದ ಭಗವಂತರಾಯ ಕುದುರೆಯ ಮೇಲಿನಿಂದ. "ಮತ್ತ ಒಳಗ ಕಾಲಿಡಬ್ಯಾಡ."

ಗೋಡೆ ಬೀಸುಕಲ್ಲಿನ ಮೇಲೆ ಬಿತ್ತು.

ಕೋಟೆಯ ಗೋಡೆಗೆ ಆನಿಸಿದ ತಟ್ಟಿ ಮಳೆ ತಡೆಯಲಿಲ್ಲ. ಮುದುಕಿಗೆ ಕೆಮ್ಮು ಹತ್ತಿತು. ಮೈ ಕೆಂಡವಾಯಿತು. ಕಡೆಯ ಎರಡು ದಿನ ಅವಳ ಬಾಯಲ್ಲಿ ಒಂದೇ ಮಾತು. "ಒಳಗ ಒಯ್ಯೋ ನನ್ನ. ಈಶ್ಯಾ, ಒಳಗ ಒಯ್ಯೋ." ಒಳಗೆ ಎಂಬುದು ಇರಲಿಲ್ಲ. ಅವಳು ಸತ್ತಾಗ ಹೂಳಲಿಕ್ಕೂ ಇರಲಿಲ್ಲ. ಗೋರಿಗಳ ಮೇಲೆ ಸಜ್ಜೆ ಇತ್ತು. ಎರೆ ಹೊಲಗಳಲ್ಲಿ ಒಂದು ಮೊಳ ತೋಡಿದರೆ ನೀರು. ಹಳ್ಳ ದಂಡೆ ಮೀರಿ ಹರಿಯುತ್ತಿತ್ತು. ಕುಣಿ ತೋಡುವ ಮನೆತನದವನಿಗೆ ಒಣಗಿದ ನೆಲ ಎಲ್ಲಿದೆ ಎಂಬುದು ಗೊತ್ತಿತ್ತು. ಈಶಪ್ಪ ತಾಯಿಯನ್ನು ಹೊತ್ತ. ಮೋನಮ್ಮ ಹಾರೆ ಹೊತ್ತಳು. ಪಾಟೀಲರ ಪೌಳಿಯೊಳಗೆ, ದೊಡ್ಡ ಪಾಟೀಲನ ಬಲಕ್ಕೆ, ಆ ಮೆತ್ತನೆಯ ಮಣ್ಣಿನಲ್ಲಿ ಅವಳನ್ನು ಮಲಗಿಸಿದರು. ಕಿತ್ತ ಹುಲ್ಲನ್ನು ಮತ್ತೆ ಮೇಲೆ ಊರಿದರು. ಹಳ್ಳದ ದಂಡೆಯಲ್ಲಿ ಇಟ್ಟೆವು ಎಂದು ಕೇರಿಗೆ ಹೇಳಿದರು. ಹಳ್ಳ ಒಯ್ದಿರಬೇಕು ಎಂದು ಕೇರಿಯವರು ಅತ್ತು ಸುಮ್ಮನಾದರು.

ಬೇರೆ ದಾರಿ ಇಲ್ಲದ್ದಕ್ಕೆ ಅಲ್ಲಿಟ್ಟೆನೋ, ಸಿಟ್ಟಿಗೆ ಇಟ್ಟೆನೋ? ಈಶಪ್ಪ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದ. ಪಾಟೀಲ ತನಗೆಂದು ತೆಗೆದಿಟ್ಟ ಮನೆಗೆ ಮುದುಕಿ ಮೊದಲೇ ಹೊಕ್ಕು ಕೂತಿದ್ದಳು. ಅದನ್ನು ನೆನೆದಾಗ ಅವನಿಗೆ ಅಳು ಬರುತ್ತಿರಲಿಲ್ಲ, ನಗು ಬರುತ್ತಿತ್ತು. ಆ ನಗುವಿಗೆ ಅವನು ಹೆದರುತ್ತಿದ್ದ.

ಈಗ ಅವನು ಕೂತದ್ದು ಅವಳ ಮೇಲೆಯೇ. ಹುಲ್ಲು ದಟ್ಟವಾಗಿ ಬೆಳೆದಿತ್ತು. ಎಡಕ್ಕೆ ಅಗೆದರೆ ಅವಳು ಉಳಿಯುತ್ತಾಳೆ, ಪಾಟೀಲನಿಗೂ ಜಾಗ ಆಗುತ್ತದೆ. ಪಾಟೀಲನಿಗೂ ಜಾಗ! 

ದೂರದಲ್ಲಿ ಹಲಗೆಯ ಸಪ್ಪಳ ಎದ್ದಿತು. ಹೆಣ ಹೊಸ್ತಿಲು ದಾಟಿತ್ತು.

ಈಶಪ್ಪ ಕೋಲನ್ನು ಮೊಣಕಾಲಿಗೆ ಹಚ್ಚಿ ಮುರಿದ.

ಮೆರವಣಿಗೆ ಪೌಳಿಗೆ ಬಂತು. ಮುಂದೆ ಹಲಗೆ ಬಾರಿಸುವ ಕೇರಿಯ ಗಂಡಸರು, ಅವರ ಹಿಂದೆ ಮಠದ ಸ್ವಾಮಿ, ಆಮೇಲೆ ಬಾಳೆಯ ದಿಂಡು ಕಟ್ಟಿದ ವಿಮಾನ. ಅದರೊಳಗೆ ಭಗವಂತರಾಯ ಜರಿಯ ರುಮಾಲು ಸುತ್ತಿಕೊಂಡು ಕೂತಿದ್ದ. ಹಿಂದೆ ಕಮಾನು ಕಟ್ಟಿದ ಬಂಡಿಯಲ್ಲಿ ಅಮೃತಮ್ಮ. ಎಲ್ಲರಿಗಿಂತ ಹಿಂದೆ ಕೇರಿಯ ಹೆಂಗಸರು. ಹೊತ್ತವರು ವಿಮಾನ ಇಳಿಸಿದರು. ಪಾಟೀಲನ ಮಗ ಬಸವಂತ್ರಾಯ ಮುಂದೆ ಬಂದು ನೆಲ ನೋಡಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.

"ಕುಣಿ ಎಲ್ಲಿ?"

"ತೋಡಿಲ್ಲರಿ," ಎಂದ ಈಶಪ್ಪ ಕೂತಲ್ಲಿಂದಲೇ.

"ಯಾಕ? ಮೈಯಾಗ ಆರಾಮಿಲ್ಲೇನು?"

"ಆರಾಮದೀನ್ರಿ."

"ಮತ್ತೇನಾಗ್ಯಾದ?"

"ತೋಡಂಗಿಲ್ಲ."

ಹಲಗೆ ನಿಂತಿತು. ಮಂದಿ ಮೊದಲು ಅರ್ಥವಾಗದವರಂತೆ ನಿಂತರು. ಆಮೇಲೆ ಗದ್ದಲ ಎದ್ದಿತು. ಒದೀರಿ ಅವನನ್ನು ಎಂದರು. ಕುಡದಾನ ಎಂದರು. ಬಸವಂತ್ರಾಯ ಕೈ ಎತ್ತಿ ಸುಮ್ಮನಾಗಿಸಿದ. ಅವನೂ ಅಪ್ಪನ ಹಾಗೆಯೇ ಲೆಕ್ಕ ಬಲ್ಲವನು.

"ಜಾಗ ಬೇಕಲ್ಲ ನಿಮಗ? ಕೊಡ್ತೀನಿ. ಮಂದಿ ಮುಂದ ಹೇಳಾಕತ್ತೀನಿ. ನಾಳಿಗೇ ಕೊಡ್ತೀನಿ. ಏಳು, ಹಾರಿ ಹಿಡಿ."

ಒಂದು ಗಳಿಗೆ ಈಶಪ್ಪನ ಎದೆ ಅಲುಗಿತು. ಅವನು ಕೇರಿಯ ಕಡೆ ನೋಡಿದ. ಹೆಂಗಸರ ನಡುವಿನಿಂದ ಸುಂದ್ರಮ್ಮನ ದನಿ ಬಂತು. ಅವಳ ಬಾಯಿಗೆ ಊರೇ ಹೆದರುತ್ತಿತ್ತು.

"ಇದಾ ಮಾತು ನಿಮ್ಮಪ್ಪನೂ ಹೇಳಿದ್ದ ಧಣಿ. ನಿಮ್ಮವ್ವ ಸಾಯಬಮ್ಮನ ಮನ್ಯಾಗ ಕುಂತು ರೊಟ್ಟಿ ತಿಂದು ಜೀವ ಉಳಿಸಿಕೊಂಡಾಗ ಹೇಳಿದ್ದ."

 ಯಾರೂ ಬಂಡಿಯ ಕಡೆ ನೋಡಲಿಲ್ಲ. ನೋಡಬಾರದೆಂದು ನೆಲ ನೋಡಿದರು.

ಬಸವಂತ್ರಾಯನ ಮುಖ ಕಪ್ಪಿಟ್ಟಿತು. ಬಂಡಿಯಿಂದ ಬಾರಕೋಲು ಕಿತ್ತುಕೊಂಡು ಬಂದು ಬೀಸಿದ. ಏಟು ಈಶಪ್ಪನ ಹೆಗಲಿನಿಂದ ಕಿವಿಯತನಕ ಸೀಳಿತು. ಅವನು ಎರಡೂ ಕೈಯಿಂದ ಹುಲ್ಲು ಹಿಡಿದ. ಏಳಲಿಲ್ಲ. ಮತ್ತೊಂದು ಏಟು. ಏಳಲಿಲ್ಲ.

"ಎಳೀರೋ ಅವನ್ನ! ಎಳದು ಒಗೀರಿ ಹೊರಗ!"

ಯಾರೂ ಕದಲಲಿಲ್ಲ. ಎಲ್ಲರೂ ಮಿಂದು ಬಂದವರು. ಆ ಕೈಗಳಿಂದಲೇ ಹೆಣ ಎತ್ತಿ ಕುಣಿಗೆ ಇಳಿಸಬೇಕು. ಸ್ವಾಮಿ ಮೆಲ್ಲಗೆ ಅಂದ, "ಅವನ್ನ ಮುಟ್ಟಿದ ಕೈ ಹೆಣಕ್ಕ ಹತ್ತಬಾರದು."

ಈಶಪ್ಪನಿಗೆ ಆ ಮಾತು ಕೇಳಿತು. ಹುಟ್ಟಿದಂದಿನಿಂದ ಕೇಳಿದ ಮಾತು ಅದು. ಬಾವಿಯ ಕಟ್ಟೆಯ ಮೇಲೆ, ಅಂಗಡಿಯ ಮುಂದೆ, ಗುಡಿಯ ಹೊರಗೆ. ಇವತ್ತು ಮೊದಲ ಸಲ ಅದು ಅವನ ಬೆನ್ನಿಗೆ ಗೋಡೆಯಾಗಿ ನಿಂತಿತು.

ಮೋನಮ್ಮ ಬಂದು ಗಂಡನ ಮಗ್ಗುಲಿಗೆ ಕೂತಳು. ಸುಂದ್ರಮ್ಮ ಬಂದಳು. ಹಲಗೆಯವರು ಹಲಗೆ ಕೆಳಗಿಟ್ಟು ಬಂದರು. ಮುದುಕರು, ಕೂಸು ಎತ್ತಿಕೊಂಡ ಹೆಂಗಸರು, ಒಬ್ಬೊಬ್ಬರೇ ಪೌಳಿಯ ಬಲಮಗ್ಗುಲ ತುಂಬ ಕೂತರು. ತಾವು ಯಾರ ಮೇಲೆ ಕೂತಿದ್ದೇವೆಂದು ಅವರಿಗೆ ಗೊತ್ತಿರಲಿಲ್ಲ. ತಮ್ಮವನ ಮೈಮೇಲೆ ರಕ್ತ ಕಂಡು ಕೂತಿದ್ದರು.

"ಮುಟ್ರಿ ಧಣಿ, ಎಬ್ಬಸ್ರಿ," ಎಂದಳು ಸುಂದ್ರಮ್ಮ. "ಒಮ್ಮೆರ ಮುಟ್ರಿ. ನಮಗೂ ಪುಣ್ಯ ಬರಲಿ."

ಪಾಟೀಲರ ಬೀಗನೊಬ್ಬ ಸ್ವಾಮಿಯ ಕಿವಿಯ ಹತ್ತಿರ ಬಗ್ಗಿದ. "ಮನಿಗೆ ತಿರುಗಿ ಒಯ್ದು ನಾಳಿ ತರಮೇನ್ರಿ?"

"ಹೊರಗ ಬಂದದ್ದು ಮತ್ತ ಒಳಗ ಒಯ್ಯಂಗಿಲ್ಲ," ಎಂದ ಸ್ವಾಮಿ.

ಈಶಪ್ಪ ತಲೆ ಎತ್ತಿ ವಿಮಾನದ ಕಡೆ ನೋಡಿದ. ಭಗವಂತರಾಯ ಬಾಯಿ ಮುಚ್ಚಿಕೊಂಡು ಕೂತಿದ್ದ.

ಆಗ ಬಂಡಿಯ ಕಮಾನಿನೊಳಗಿಂದ ಅಮೃತಮ್ಮನ ದನಿ ಬಂತು. ಗಟ್ಟಿ ದನಿಯಲ್ಲ. ಆದರೂ ಎಲ್ಲರಿಗೂ ಕೇಳಿತು.

"ಬಸವಂತಾ, ಬಾರಕೋಲು ಇಡು. ಗುದ್ಲಿ ಹಿಡಿ."

ಊರಿಂದ ಹಾರೆ ಗುದ್ದಲಿ ತರಿಸಿದರು. ಎಡಕ್ಕೆ ಶುರು ಮಾಡಿದರು. ಬಸವಂತ್ರಾಯ ತೋಡಿದ, ಅವನ ಬೀಗರು ತೋಡಿದರು, ಮಲ್ಲಣ್ಣ ತೋಡಿದ. ಒಂದು ಗೇಣು ಮಣ್ಣು ಹೋಗಿ ಬಂಡೆ ಖಣ್ ಎಂದಿತು. ಜಾಗ ಸರಿಸಿದರು. ಅಲ್ಲೂ ಖಣ್ ಎಂದಿತು. ಬಸವಂತ್ರಾಯನ ಅಂಗೈಯಲ್ಲಿ ಬೊಬ್ಬೆಗಳು ಎದ್ದು ಒಡೆದವು. ಹಾರೆಯ ಹಿಡಿ ಕೆಂಪಾಯಿತು. ಅವನು ಕೈ ನೋಡಿಕೊಂಡ. ಇಂಥ ಕೈಯನ್ನು ಅವನು ಬೇರೆಯವರ ಮೈಯಲ್ಲಿ ಮಾತ್ರ ನೋಡಿದ್ದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸುರಪುರದ ಕಡೆಯಿಂದ ಮೋಡ ಏರಿ ಬಂತು. ಮಳೆ ಬಿತ್ತು. ಬಾಳೆಯ ದಿಂಡು ವಾಲಿತು. ಪಾಟೀಲನ ಹಣೆಯ ವಿಭೂತಿ ಕರಗಿ ಮೀಸೆಯ ಮೇಲೆ ಇಳಿಯಿತು. ರುಮಾಲು ನೆನೆದು ಒಂದು ಕಿವಿಯ ಮೇಲೆ ಜಾರಿತು. ಮಲ್ಲಣ್ಣ ಛತ್ರಿ ಹಿಡಿದು ನಿಂತ. ಗಾಳಿ ಛತ್ರಿಯನ್ನು ಒಳಹೊರಗಾಗಿ ತಿರುಗಿಸಿತು.

"ನೆನಿಲಿ ಬಿಡೋ ಮಲ್ಲಣ್ಣ," ಎಂದಳು ಸುಂದ್ರಮ್ಮ. "ನಮ್ಮ ಜೋಡಿ ಬಯಲಾಗ ಬಂದು ಕುಂತಾರ. ಹೊಸಾ ಮಂದಿ. ರೂಢಿ ಆಗೂತನ ಹಂಗಾ."

ಯಾರೋ ನಕ್ಕರು. ಆಮೇಲೆ ಇನ್ನೊಬ್ಬರು. ಮಳೆಯಲ್ಲಿ ತೊಯ್ಯುತ್ತ ಕೇರಿಯ ಮಂದಿ ನಕ್ಕರು. ಈಶಪ್ಪ ನಗಲಿಲ್ಲ. ಅವನು ಕಣ್ಣು ಕೀಳದೆ ಪಾಟೀಲನನ್ನೇ ನೋಡುತ್ತಿದ್ದ. ಒಳಗೆ ಒಯ್ಯಿರಿ ಎಂದು ಆ ಹೆಣ ಕೇಳಲಿ, ಒಂದು ಸಲ ಬಾಯಿ ಬಿಟ್ಟು ಕೇಳಲಿ ಎಂದು ಅವನ ಮನಸ್ಸು ಹಲ್ಲು ಕಚ್ಚಿಕೊಂಡು ಕಾಯುತ್ತಿತ್ತು. ಹೆಣ ಕೇಳಲಿಲ್ಲ. ಅದಕ್ಕೂ ಅವನಿಗೆ ಸಿಟ್ಟು ಬಂತು.

ದೀಪ ಹಚ್ಚುವ ಹೊತ್ತಾಯಿತು. ಕುಣಿ ಮೊಣಕಾಲಿನ ಆಳಕ್ಕೆ ನಿಂತಿತ್ತು, ಅದರ ತುಂಬ ನೀರು. ಇನ್ನು ಆಗುವುದಿಲ್ಲ ಎಂದು ಸ್ವಾಮಿ ಹೇಳಿದ. ಪಾಟೀಲನನ್ನು ಅದರೊಳಗೇ ಕೂಡಿಸಿದರು. ಸೊಂಟದ ಕೆಳಗಷ್ಟೇ ನೆಲದೊಳಗೆ ಹೋಯಿತು. ಎದೆ, ಹೆಗಲು, ರುಮಾಲು ಹೊರಗೆ ಉಳಿದವು. ಪೌಳಿಯ ಕಲ್ಲು ಕಿತ್ತು ಸುತ್ತ ಒಟ್ಟಿದರು, ಮೇಲೆ ಒಟ್ಟಿದರು, ಸಂದಿಗೆ ಕೆಸರು ಮೆತ್ತಿದರು. ಊರಿನ ನೆಲವನ್ನೆಲ್ಲ ತನ್ನದು ಎಂದವನು ಅರ್ಧ ನೆಲದಲ್ಲಿ, ಅರ್ಧ ಬಯಲಲ್ಲಿ ಉಳಿದ.

ಮಂದಿ ಹೋದರು. ಕೇರಿಯವರೂ ಎದ್ದರು. ಈಶಪ್ಪ ಏಳಲಿಲ್ಲ. ಬಂಡಿ ತಿರುಗಿ ಹೊರಟದ್ದು ಪೌಳಿಯ ಹೊರಗೆ ನಿಂತಿತು. ಅಮೃತಮ್ಮ ಪರದೆ ಸರಿಸಿದಳು.

"ಈಶಪ್ಪಾ."

ಆ ಮನೆಯವರು ಯಾರೂ ಅವನನ್ನು ಅಪ್ಪ ಹಚ್ಚಿ ಕರೆದದ್ದಿಲ್ಲ.

"ಏನ್ರಿ ಅಮ್ಮಾರ?"

"ಸಾಯಬಮ್ಮನ್ನ ಎಲ್ಲಿ ಇಟ್ಟಿ?"

 ಅವನ ಕೈ ಹುಲ್ಲಿನ ಮೇಲಿತ್ತು.

"ಒಳಗ ಇಟ್ಟೀನ್ರಿ. ಮಳಿ ತಾಕದಂಗ."

"ಎಲ್ಲಿ?"

ಅವನು ಹುಲ್ಲು ಸವರಿದ. ಅವಳು ಅವನ ಕೈ ನೋಡಿದಳು, ಕೈಯ ಕೆಳಗಿನ ಹುಲ್ಲು ನೋಡಿದಳು. ಪರದೆ ಬಿಟ್ಟಳು. 'ಹೊಡಿ' ಎಂದು ಬಂಡಿಯವನಿಗೆ ಹೇಳಿದಳು.

ಜಾಗ ಸಿಗಲಿಲ್ಲ. ಮರುದಿನ ಬಸವಂತ್ರಾಯನ ಆಳುಗಳು ಬಂದು ಕೋಟೆಯ ಗೋಡೆಗೆ ಆನಿಸಿದ ತಟ್ಟಿಗಳಿಗೆ ಬೆಂಕಿ ಇಟ್ಟರು. ಕೇರಿಯವರು ಗಡಿಗೆ ಬುಟ್ಟಿ ಹೊತ್ತು ಯಾದಗಿರಿಗೆ ನಡೆದರು. ರೈಲು ಹಳಿಯ ಬದಿಗೆ, ಹತ್ತಿ ಅರೆಯುವ ಗಿರಣಿಯ ಗೋಡೆಯ ಹಿಂದೆ ಗೋಣಿತಟ್ಟು ಕಟ್ಟಿದರು. ಅಲ್ಲಿಂದಲೂ ಒಮ್ಮೆ ಎಬ್ಬಿಸಿದರು, ಮತ್ತೆ ಕಟ್ಟಿದರು. ಈಶಪ್ಪ ಗಿರಣಿಯಲ್ಲಿ ಹತ್ತಿ ತುಂಬಿದ ಅಂಡಿಗೆ ಹೊತ್ತ. ಕುಣಿ ತೋಡುವ ಕೆಲಸ ಮತ್ತೆ ಹಿಡಿಯಲಿಲ್ಲ. ಪಾಟೀಲರು ಆ ಕಲ್ಲಿನ ಗುಡ್ಡೆಗೆ ಗಾರೆ ಮೆತ್ತಿಸಿ ಸುಣ್ಣ ಬಳಿಸಿದರೆಂದೂ, ಪ್ರತಿ ಮಳೆಗಾಲಕ್ಕೆ ಅದು ಬಾಯಿ ಬಿಡುತ್ತದೆಂದೂ ಆ ಕಡೆಯಿಂದ ಬಂದವರು ಹೇಳುತ್ತಿದ್ದರು. ಈಶಪ್ಪ ಕೇಳಿಸಿಕೊಂಡು ಬೀಡಿ ಹಚ್ಚುತ್ತಿದ್ದ.

ಅವತ್ತು ಯಾಕೆ ಅಲ್ಲೇ ಕೂತಿದ್ದಿ, ಎರಡು ಏಟು ಬಿದ್ದರೂ ಯಾಕೆ ಏಳಲಿಲ್ಲ ಎಂದು ಸುಂದ್ರಮ್ಮ ಕಡೆಯತನಕ ಕೇಳಿದಳು. ಪಾಟೀಲ ತನಗೆಂದು ಆರಿಸಿಟ್ಟ ಮಣ್ಣಿನಲ್ಲಿ ತನ್ನ ತಾಯಿ ಮಲಗಿದ್ದಾಳೆಂದು ಈಶಪ್ಪ ಯಾರಿಗೂ ಹೇಳಲಿಲ್ಲ.